ಬೆಟ್ಟಕ್ಕಿಂತ ದೊಡ್ಡ ಆಡು

ಚಿತ್ರದ ವ್ಯಾಪಾರಿ ಕನ್ನಡಕವನ್ನು ಹಣೆಗೇರಿಸಿ, ನನ್ನ ಮಲಗುವ ಕೋಣೆಯ ಗೋಡೆಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತಿದ್ದ. ಮರದ ಹಲಗೆ ಕೊರೆದು, ಮಸಿ ಬಳಿದು ಒತ್ತಿದ ಚಿತ್ರ. ಈಟಿಯಂಥ ಬೆಟ್ಟಗಳು, ಮೂಳೆ ಎದ್ದ ಎರಡು ಹಸು, ಬೆಟ್ಟಕ್ಕಿಂತ ದೊಡ್ಡದೊಂದು ಆಡು.

"ಆಡು ಅಷ್ಟು ದೊಡ್ಡದಿರುತ್ತಾ ಎಲ್ಲಾದ್ರೂ?" ಎಂದರು ಅತ್ತೆ.

"ಕಣ್ಣಿಗೆ ಕಂಡಿದ್ದಲ್ಲಮ್ಮ, ಮನಸ್ಸಿಗೆ ಅನ್ಸಿದ್ದನ್ನ ಕೊರೆಯೋ ಪಂಥ ಇದು. ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಹಲಗೆ ಸುಟ್ಟುಹೋಯ್ತಂತೆ. ಅದಕ್ಕೇ ಬೆಲೆ."

ಅವನನ್ನು ಕರೆತಂದವನು ಮೈದುನ. "ಅತ್ತಿಗೆ, ಇಲ್ಲಿದ್ರೆ ಧೂಳು ತಿನ್ನುತ್ತೆ ಅಷ್ಟೇ. ಕೊಟ್ಬಿಡೋಣ."

ನನಗೆ ಕೊಡುವ ಮನಸ್ಸಿರಲಿಲ್ಲ. ನನ್ನ ಗಂಡ ದಿನಾ ಬೆಳಿಗ್ಗೆ, "ಏಳೇ, ಆಡು ಆಗ್ಲೇ ಎದ್ದಿದೆ" ಎನ್ನುತ್ತಿದ್ದ. ಅದನ್ನು ಹೇಳಲು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಅವನು ತೀರಿಕೊಂಡಂದಿನಿಂದ ಹೀಗೇ. ಮೈದುನ ಅದನ್ನೇ ಒಪ್ಪಿಗೆ ಎಂದುಕೊಂಡು ಚಿತ್ರವನ್ನು ಮೊಳೆಯಿಂದ ಇಳಿಸಿದ.

ಅತ್ತೆ ನನ್ನ ಮುಖ ನೋಡಿದರು. "ತಗೊಂಡು ಹೋಗಪ್ಪ, ಪೀಡೆ ತೊಲಗ್ಲಿ" ಎಂದು ಅಡುಗೆಮನೆಗೆ ನಡೆದರು. ಮರಳಿದಾಗ ಕಂಕುಳಲ್ಲಿ ಹಿಟ್ಟಿನ ಡಬ್ಬದ ಮುಚ್ಚಳ.

"ಸುಟ್ಟಿಲ್ಲ ಕಣಪ್ಪ. ನಮ್ಮನೆಯವ್ರು ಪ್ರೆಸ್ಸಲ್ಲಿ ಕೆಲಸಕ್ಕಿದ್ರು. ಅದು ಮುಚ್ಚಿದಾಗ ಚಿತ್ರದ ಜೊತೆ ಹಲಗೇನೂ ಹೊತ್ಕೊಂಡು ಬಂದ್ರು. ಒಳ್ಳೇ ಮರ, ಹುಳ ಬರಲ್ಲ."

ಮುಚ್ಚಳ ಮಗುಚಿದರು. ಹಿಟ್ಟು ಮೆತ್ತಿದ ಆಡು, ಎಡಬಲ ಅದಲುಬದಲಾಗಿ, ವ್ಯಾಪಾರಿಯನ್ನೇ ಗುರಾಯಿಸಿತು.

"ಇದು ನಕಲಿರಬೇಕು" ಎಂದ ಅವನು.

"ನೋಡೇಬಿಡೋಣ."

ಅತ್ತೆ ಹಿಟ್ಟು ಒರೆಸಿ, ಬಾಗಿಲ ಹಿಂದಿನಿಂದ ನನ್ನ ಗಂಡನ ಬೂಟ್ ಪಾಲಿಶ್ ಡಬ್ಬಿ ತಂದರು. ಅದನ್ನು ನಾವ್ಯಾರೂ ಮುಟ್ಟಿರಲಿಲ್ಲ. ಕಪ್ಪು ಬಳಿದು, ಹಳೇ ಕ್ಯಾಲೆಂಡರಿನ ಹಾಳೆಯನ್ನು ಮಗುಚಿ ಹಾಸಿ, ನನ್ನ ಕೈಗೆ ಸೌಟು ಕೊಟ್ಟರು. "ಉಜ್ಜು. ಬಾಯಂತೂ ಆಡಲ್ಲ, ಕೈಯಾದ್ರೂ ಆಡ್ಲಿ."

ಸೌಟಿನ ಬೆನ್ನಿನಿಂದ ಉಜ್ಜಿದೆ. ಪಾಲಿಶ್ ವಾಸನೆ ಕೋಣೆ ತುಂಬಿತು. ಅವನು ಕೆಲಸಕ್ಕೆ ಹೊರಡುವ ಹೊತ್ತಿನ ವಾಸನೆ. ಕಾಗದ ಎತ್ತಿದರೆ ಅದೇ ಆಡು. ಕೊಂಬಿನ ಬಿರುಕೂ ಅದೇ.

ವ್ಯಾಪಾರಿ ಬೆವರೊರೆಸಿಕೊಂಡ. "ಹಲಗೇನೂ ಕೊಡಿ. ಅದು ನಿಮ್ಹತ್ರ ಇದ್ರೆ ನನಗೆ ಚಿತ್ರಾನೂ ಬೇಡ."

"ಮತ್ತೆ ಹಿಟ್ಟಿನ ಡಬ್ಬಕ್ಕೆ ನಿನ್ನ ಟೋಪಿ ಮುಚ್ಲಾ?"

ಮೈದುನ "ಅಮ್ಮಾ!" ಎಂದು ಹಣೆ ಚಚ್ಚಿಕೊಂಡ. ವ್ಯಾಪಾರಿ ಟೋಪಿ ಗಟ್ಟಿಯಾಗಿ ಹಿಡಿದುಕೊಂಡು ಮೆಟ್ಟಿಲಿಳಿದ.

ಅತ್ತೆ ಚಿತ್ರವನ್ನು ಮೊಳೆಗೆ ಸಿಕ್ಕಿಸಿದರು.

"ಇನ್ನೊಂದು ಒತ್ತಲಾ ಅತ್ತೆ?" ಎಂದೆ.

"ಅಬ್ಬಾ, ಬಾಯಿ ಬಂತು! ಒಂದು ಆಡು ಗುರಾಯಿಸೋದು ಸಾಲ್ದಾ?" ಎನ್ನುತ್ತಲೇ ಅವರು ಕ್ಯಾಲೆಂಡರಿನ ಮುಂದಿನ ಹಾಳೆ ಹರಿದರು.