ಹಗ್ಗ ಎಳೆದಿಲ್ಲ

"'ಕೆಲಸದವಳು ಹಗ್ಗ ಎಳೆದಿಲ್ಲ' ಅಂತ ರಿಪೋರ್ಟಲ್ಲಿ ಒಂದು ಲೈನು ಬರೆದು ಮುಗಿಸಿ, ವೀಣ. ಅದಕ್ಕೇನು ಮಹಾಕಾವ್ಯ ಬೇಕಾ?"

ನಾಗಾರ್ಜುನ ಮೊಬೈಲಿನಿಂದ ಕಣ್ಣೆತ್ತದೆಯೇ ಹೇಳಿದ. ಪಾಂಡವಪುರದ ಮಹಡಿಯೊಂದರ ಮೇಲಿನ ಆ ಎರಡು ಕೋಣೆಯ ಕಂಪನಿಗೆ ಅವನು ಮಾಲೀಕ, ಅವಳು ಪ್ರೋಗ್ರಾಮು ಬರೆಯುವವಳು. ಆಲೆಮನೆಯ ಕಬ್ಬಿನ ಗಾಣಗಳಿಗೆ ಅವರು ರಕ್ಷಣೆಯ ಪೆಟ್ಟಿಗೆ ಮಾಡಿಕೊಡುತ್ತಿದ್ದರು. ಗಾಣಕ್ಕೆ ಕೈ ಸಿಕ್ಕಿಕೊಂಡರೆ ತಲೆಯ ಮೇಲೆ ತೂಗುವ ಹಗ್ಗವನ್ನು ಎಳೆಯಬೇಕು, ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿಕ್ ಚಿಪ್ಪು ಮೋಟಾರನ್ನು ನಿಲ್ಲಿಸಬೇಕು. ಹೊಸಹೊಳಲಿನ ಹತ್ತಿರ ಒಂಬತ್ತು ದಿನದ ಹಿಂದೆ ಚಿಕ್ಕಬೋರಮ್ಮ ಎಂಬ ಹೆಂಗಸಿನ ಬಲಗೈಯ ಮೂರು ಬೆರಳು ಹೋಗಿದ್ದವು. ಹಗ್ಗ ಎಳೆದೆ ಎನ್ನುತ್ತಿದ್ದಳು ಅವಳು.

"ಎಳೆದಿದ್ದಾರೆ ಸರ್."

ಅವಳು ಅದನ್ನು ಎರಡು ಸಲ ಹೇಳಬೇಕಾಯಿತು. ಮೊದಲ ಸಲದ್ದು ಫ್ಯಾನಿನ ಸದ್ದಿಗೆ ಹೋಯಿತು.

ಮೇಜಿನ ಮೇಲೆ ಮೋಟಾರಿನ ಬದಲು ಒಂದು ಬಲ್ಬು, ಹಗ್ಗದ ಬದಲು ಒಂದು ದಾರ. ತನ್ನ ಲ್ಯಾಪ್‌ಟಾಪಿನ ಪ್ರೋಗ್ರಾಮು ತುಂಬಿ ದಾರ ಎಳೆದಳು. ಬಲ್ಬು ಆರಿತು. ಗಿರಾಕಿಗಳಿಗೆ ಹೋಗಿದ್ದ ಪ್ರೋಗ್ರಾಮು ತುಂಬಿ ಎಳೆದಳು. ಆರಲಿಲ್ಲ. ಮತ್ತೆ ಎಳೆದಳು. ದಾರ ಕಿತ್ತು ಬಂತು, ಬಲ್ಬು ಉರಿಯುತ್ತಲೇ ಇತ್ತು.

ಎರಡೂ ಅವಳದೇ ಬರವಣಿಗೆ, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಆದರೆ ಪ್ರೋಗ್ರಾಮು ಸಣ್ಣ ಚಿಪ್ಪಿಗೆ ಹಿಡಿಸಲಿಲ್ಲವೆಂದು ನಾಗಾರ್ಜುನ, ಬರೆದದ್ದನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರಿಗೆ ಅದನ್ನು ಕುಗ್ಗಿಸಲು ಹೇಳಿದ್ದ. ಕಂಪೈಲರು ಬೇಡದ್ದನ್ನೆಲ್ಲ ಕತ್ತರಿಸಿತ್ತು. ಗಾಣ ಓಡುತ್ತಿರುವಾಗ ಹಗ್ಗವನ್ನು ಮತ್ತೆ ಮತ್ತೆ ನೋಡುವುದು ಅದಕ್ಕೆ ಬೇಡದ್ದಾಗಿ ಕಂಡಿತ್ತು. ಶುರುವಾಗುವ ಮುಂಚೆ ಒಮ್ಮೆ ನೋಡುತ್ತದೆ. ಎಳೆದಿಲ್ಲ ಎಂದು ಗೊತ್ತಾದರೆ ಮುಗಿಯಿತು, ಆಮೇಲೆ ಅತ್ತ ತಿರುಗುವುದಿಲ್ಲ. ಪ್ರತಿಸಲವೂ ನೋಡಲೇಬೇಕು ಎನ್ನಲು ಒಂದು ಪದವಿದೆ. ಅದನ್ನು ವೀಣ ಬರೆದಿರಬೇಕಿತ್ತು. ಬರೆದಿರಲಿಲ್ಲ.

"ಪದ ಬಿಟ್ಟಿದ್ದು ಯಾರು?" ನಾಗಾರ್ಜುನ ಕೇಳಿದ.

"ನಾನು ಸರ್."

"ಮತ್ತೆ?" ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಔದಾರ್ಯವಿತ್ತು. ಅದೇ ಅವಳಿಗೆ ಹೇಸಿಗೆ ಹುಟ್ಟಿಸಿತು. "ನಿಮ್ಮ ಹೆಸರು ಎಲ್ಲೂ ಬರಲ್ಲ, ಬಿಡಿ. ಸರಿ ಮಾಡಿದ್ದನ್ನ ತಗೊಂಡು ಹೋಗಿ, ಅಲ್ಲಿ ತುಂಬಿ ಬನ್ನಿ. ಯಾರಾದ್ರೂ ಕೇಳಿದ್ರೆ ಪ್ರೋಗ್ರಾಮಿನ ಹೊಸ ವರ್ಶನ್ ಅನ್ನಿ. ಹಾಗೇ, ಹಗ್ಗ ಎಳೆದಿಲ್ಲ ಅನ್ನೋ ಈ ಕಾಗದಕ್ಕೆ ಆಲೆಮನೆ ಚಲುವಯ್ಯನ ಸೈನು ಹಾಕಿಸ್ಕೊಂಡು ಬನ್ನಿ."

ಕೆ.ಆರ್. ಪೇಟೆಯ ಬಸ್ಸಿನಲ್ಲಿ ಅವಳು ಕಾಗದವನ್ನು ನಾಲ್ಕು ಸಲ ಓದಿದಳು. ಕೆಳಗೆ 'ಪರೀಕ್ಷಿಸಿದವರು: ವೀಣ ಆರ್.' ಹೆಸರು ಎಲ್ಲೂ ಬರುವುದಿಲ್ಲವಂತೆ!

ನಾಗಮಂಗಲದಲ್ಲಿ ಅವಳ ಅಪ್ಪ ರಾಮಚಂದ್ರಾಚಾರಿ ಕುಲುಮೆಯಲ್ಲಿ ಕಬ್ಬಿನ ಮಚ್ಚು ಬಡಿಯುತ್ತಾನೆ. ಹಿಡಿ ಸಡಿಲವಾದರೆ ಜನ ಬಾಗಿಲಿಗೇ ಬಂದು ಅವನ ಮುಖಕ್ಕೇ ಉಗಿಯುತ್ತಾರೆ. ಅವಳಿಗೆ ಇಷ್ಟು ವರ್ಷದಲ್ಲಿ ಒಬ್ಬರೂ ಉಗಿದಿರಲಿಲ್ಲ. ಈ ಯೋಚನೆ ಬಂದಾಗ ಅಸೂಯೆಯಂಥದೇನೋ ಎದೆಯಲ್ಲಿ ಕೆರೆಯಿತು.

ಆಲೆಮನೆಯಲ್ಲಿ ಗಾಣ ಓಡುತ್ತಿತ್ತು. ಮಾದಮ್ಮ ಎಂಬವಳು ಅದರ ಬಾಯಿಗೆ ಕಬ್ಬು ಕೊಡುತ್ತಿದ್ದಳು. ಸಿಪ್ಪೆಯ ರಾಶಿಯ ಪಕ್ಕ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದವಳು ಯಾರೆಂದು ಕೇಳಬೇಕಾಗಲಿಲ್ಲ.

"ಓ, ಪೆಟ್ಟಿಗೆಯೋರು ಬಂದ್ರು," ಎಂದ ಚಲುವಯ್ಯ. ಆಲೆಮನೆ ಅವನದು. "ಲೇ, ಒಂದ್ಲೋಟ ಕಬ್ಬಿನಾಲು ಇಡೀಲಾ. ಏನವ್ವ, ಎಷ್ಟು ಸಣ್ಣಕಿದ್ದೀಯ! ಇವಳು ಎಳ್ದೆ ಎಳ್ದೆ ಅಂತ ಊರೆಲ್ಲ ಸಾರ್ಕಂಡು ಬತ್ತಾವ್ಳೆ. ಎಳ್ದಿದ್ರೆ ನಿಲ್ತಿರ್ಲಿಲ್ವ?"

"ಎಲ್ಡು ಕಿತ ಎಳ್ದೆ ಕಣವ್ವ," ಚಿಕ್ಕಬೋರಮ್ಮ ಕೂತಲ್ಲಿಂದಲೇ ಹೇಳಿದಳು. "ಬೆಳ್ಳು ಓದ್ರೆ ಓಗ್ಲಿ, ಸುಳ್ಳಿ ಅಂತಾವ್ರೆ. ನನ್ ಗಂಡನೂವೆ ಅಂಗೇ ಅಂತಾನೆ. ಯಾವ್ ಗ್ಯಾನದಲ್ಲಿದ್ಯೋ ಅಂತ."

"ದಿನಾ ಬೆಳಿಗ್ಗೆ ನಾನೇ ನೋಡ್ತೀನಿ," ಎಂದ ಚಲುವಯ್ಯ. "ಅಗ್ಗ ಎಳ್ದಿಡ್ಕಂಡು ಬಟನ್ ಒತ್ತೋದು. ಶುರುವಾಗಾಕಿಲ್ಲ. ಪೆಟ್ಟಿಗೆ ಪಸಂದಾಗೈತೆ."

"ಓಡ್ತಿರುವಾಗ ಎಳೆದು ನೋಡಿದ್ದೀರಾ?"

ಅವನು ನಕ್ಕ. "ಓಡ್ತಿರೋವಾಗ ನಿಲ್ಸುದ್ರೆ ಕಬ್ಬು ಸಿಗಾಕ್ಕಂತದೆ. ಬುಡ್ಸಕ್ಕೆ ಅರ್ಧ ದಿನ. ಯಾವ ಪೆದ್ದ ಎಳೀತಾನೆ?"

"ಮೊದಲು ನಿಲ್ಲಿಸಿ. ಪೆಟ್ಟಿಗೆ ಸರಿ ಮಾಡಬೇಕು."

"ಸಂಜೀಕೆ ಮಾಡುವಂತೆ ಬುಡು. ಕೊಪ್ಪರಿಗೆ ಕಾದು ಕುಂತದೆ. ಅದೇನೋ ಕಾಗದ ಅಂದ್ರಲ್ಲ ಪೋನಲ್ಲಿ, ತತ್ತ."

ಕಾಗದ ಬ್ಯಾಗಿನಲ್ಲೇ ಉಳಿಯಿತು. ವೀಣ ಹೇಳಬೇಕಾದ್ದು ಮೂರೇ ಮಾತು: ಅವರು ಎಳೆದಿದ್ದಾರೆ, ಪೆಟ್ಟಿಗೆ ನೋಡಿಲ್ಲ, ತಪ್ಪು ನಮ್ಮದು. ಹೇಳಿದಳು ಕೂಡ. ಗಾಣದ ಗದ್ದಲದಲ್ಲಿ ಚಲುವಯ್ಯ ತಲೆಯಾಡಿಸಿ, ಲೋಟ ಅವಳ ಕೈಗಿಟ್ಟು, "ಕುಡಿ, ಕುಡಿ, ತಂಪು" ಎಂದ.

ಅವಳು ಲೋಟವನ್ನು ನೆಲಕ್ಕಿಟ್ಟಳು. ಗಾಣದ ಬಳಿಗೆ ನಡೆದಳು. "ಕೈ ತೆಗೀರಿ," ಎಂದಳು ಮಾದಮ್ಮನಿಗೆ. ಮಾದಮ್ಮನಿಗೆ ಕೇಳಿಸಲಿಲ್ಲ. ವೀಣ ಎರಡೂ ಕೈಯಿಂದ ಹಗ್ಗ ಎಳೆದಳು.

ಗಾಣ ಓಡುತ್ತಿತ್ತು.

ಮೈಯ ಭಾರವೆಲ್ಲ ಬಿಟ್ಟು ಎಳೆದಳು. ಓಡುತ್ತಿತ್ತು. ಬೆಲ್ಲ ಕಾಯಿಸುವವರು ಒಲೆಯ ಹತ್ತಿರದಿಂದ ನೋಡಿದರು. ಚಲುವಯ್ಯನೂ ನೋಡಿದ, ಒಂದೇ ಒಂದು ಕ್ಷಣ. ನಗು ನಿಂತಿತು. ಆಮೇಲೆ ಅವನು ಬಗ್ಗಿ ಕೊಪ್ಪರಿಗೆಯ ನೊರೆ ತೆಗೆಯತೊಡಗಿದ. ಉಳಿದವರೂ ತಮ್ಮತಮ್ಮ ಕೆಲಸಕ್ಕೆ ಬಗ್ಗಿದರು.

ಚಿಕ್ಕಬೋರಮ್ಮ ಎದ್ದು ಬಂದು ಪಕ್ಕದಲ್ಲಿ ನಿಂತಳು. ಸಮಾಧಾನ ಮಾಡುವವಳಂತೆ ಎಡಗೈಯಿಂದ ವೀಣಳ ಬೆನ್ನು ಸವರಿದಳು.

"ನೀನೂ ಎಳ್ದಿಲ್ಲ ಬುಡವ್ವ," ಎಂದು ನಕ್ಕಳು.

ವೀಣ ಹಗ್ಗ ಬಿಡಲಿಲ್ಲ. ಅವಳ ಮೊಣಕೈಯ ಕೆಳಗೆ ಮಾದಮ್ಮ ಇನ್ನೊಂದು ಹಿಡಿ ಕಬ್ಬನ್ನು ಉರುಳೆಗಳ ನಡುವೆ ತೂರಿಸಿದಳು. ಅವಳ ಹಸಿರು ಬಳೆಗಳು ಕಬ್ಬಿನ ಜೊತೆಜೊತೆಗೇ ಒಳಕ್ಕೆ ಹೋಗಿ, ಉರುಳೆಗೆ ಒಂದು ಗೇಣು ಇರುವಾಗ ನಿಂತು, ಹಿಂದಕ್ಕೆ ಬಂದವು. ಮತ್ತೆ ಹೋದವು.