ಸಾಲಿನ ಕೊನೆಯ ಕಲ್ಲು

“ಎಲ್ರೀ? ಇದ್ರಲ್ಲಿ ಯಾವುದು?”

ಹೆಂಡತಿ ಅಳತೆಗಾರನನ್ನು ಕೇಳಿದಳು. ಎದುರಿಗೆ ಹಿಮನದಿಯ ತುದಿ. ಕೊಳೆ ಮೆತ್ತಿದ ಮಂಜುಗಡ್ಡೆಯ ಗೋಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರ ಬುಡದಲ್ಲಿ ಹಿಮ ಹೊತ್ತು ತಂದು ಸುರಿದ ರಾಶಿ: ಮನೆಯಷ್ಟು ದೊಡ್ಡ ಬಂಡೆ, ಮುಷ್ಟಿಯಷ್ಟು ಕಲ್ಲು, ಹಿಟ್ಟಿನಂಥ ಬೂದು ಕೆಸರು, ಎಲ್ಲ ಒಂದರ ಮೇಲೊಂದು. ಹೊಳೆಯಾದರೆ ದೊಡ್ಡದನ್ನು ಒಂದು ಕಡೆ, ಚಿಕ್ಕದನ್ನು ಇನ್ನೊಂದು ಕಡೆ ಬಿಡುವಷ್ಟಾದರೂ ಮರ್ಯಾದೆ ಇಟ್ಟುಕೊಂಡಿರುತ್ತದೆ. ಹಿಮಕ್ಕೆ ಅದೆಲ್ಲ ಗೊತ್ತಿಲ್ಲ, ಕರಗಿದಲ್ಲೇ ಕೈಬಿಡುತ್ತದೆ.

ಹಿಮನದಿ ವರ್ಷಕ್ಕೆ ಎಷ್ಟು ಸರಿಯುತ್ತದೆ ಎಂದು ನೋಡುವುದು ಅವನ ಕೆಲಸ. ಹಿಮದ ಮೇಲೆ ಅಡ್ಡಲಾಗಿ ಕೆಂಪು ಬಣ್ಣ ಬಳಿದ ಕಲ್ಲುಗಳ ಸಾಲಿಟ್ಟು, ಮುಂದಿನ ಬೇಸಿಗೆಯಲ್ಲಿ ಅವು ಎಲ್ಲಿಗೆ ಬಂದಿವೆ ಎಂದು ಅಳೆಯುತ್ತಿದ್ದ. ಒಂದು ಬೇಸಿಗೆ, ಎಲ್ಲರೂ ಗುಬ್ಬಿ ಎನ್ನುತ್ತಿದ್ದ ಮಗಳು ಹಟ ಹಿಡಿದು ಜೊತೆಗೆ ಬಂದಳು. “ಅಪ್ಪಾ, ನಂದೂ ಒಂದು” ಎಂದು ಅಂಗೈಯಗಲದ ಕಲ್ಲಿಗೆ ಕಣ್ಣು, ಮೂಗು, ಸೊಟ್ಟ ಬಾಯಿ ಬರೆದು ಸಾಲಿನ ಕೊನೆಗೆ ಇಟ್ಟಳು. ಅದರ ಸಿಡುಕು ಮೋರೆ ನೋಡಿ ಜೊತೆಯವರೆಲ್ಲ ‘ಸಾಹೇಬರು’ ಎಂದು ಹೆಸರಿಟ್ಟರು. ಆ ಚಳಿಗಾಲದಲ್ಲೇ ಜ್ವರ ಬಂದು ಗುಬ್ಬಿ ಹೋಗಿಬಿಟ್ಟಳು.

ಆಮೇಲೆ ಪ್ರತಿ ಬೇಸಿಗೆ ಅವನು ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಹೆಂಡತಿಯ ಮಾತು ಒಂದೇ: “ಎಲ್ಲಿಗೆ ಬಂತು?” ಒಂದು ವರ್ಷ ಗುಬ್ಬಿಯ ಕಲ್ಲು ಹಿಮದ ಬಿರುಕಿನೊಳಗೆ ಬಿದ್ದುಹೋಗಿತ್ತು. ಅವಳು ಅನ್ನ ನೀರು ಬಿಟ್ಟು ಮಲಗಿದಳು. ಅವಳನ್ನು ಏಳಿಸಲು ಅವನು ಲೆಕ್ಕ ಹಾಕಿ ಹೇಳಿದ: “ಹಿಮ ನುಂಗಿದ್ದನ್ನ ಇಟ್ಕೊಳ್ಳಲ್ಲ ಕಣೇ. ಕೆಳಗೆ ತಂದು ಬಿಡತ್ತೆ. ಇನ್ನು ಆರೇಳು ವರ್ಷ, ಅಷ್ಟೇ.” ಹೇಳಿದ್ದು ಸುಳ್ಳಲ್ಲ. ಯಾವಾಗ ಬರುತ್ತದೆ ಎಂದು ಅವಳು ಕೇಳಿದ್ದಳು. ಹೇಗಾಗಿ ಬರುತ್ತದೆ ಎಂದು ಕೇಳಿರಲಿಲ್ಲ.

ಆ ಆರೇಳು ವರ್ಷ ಕಳೆದು, ಈಗ ಮನೆಯಲ್ಲಿ ಕಿಟಕಿಯ ಕಟ್ಟೆ ಒರೆಸಿ ಜಾಗ ಮಾಡಿಟ್ಟು, ಕಲ್ಲು ಸುತ್ತಿಕೊಳ್ಳಲು ತನ್ನ ಶಾಲನ್ನೂ ತಂದು ನಿಂತಿದ್ದಳು.

“ಕೆಂಪಗಿರೋದು ಒಂದೂ ಕಾಣ್ತಿಲ್ವಲ್ಲ?”

ಇನ್ನು ಮುಚ್ಚಿಡುವಂತಿರಲಿಲ್ಲ. “ಬಣ್ಣ ಇರಲ್ಲ ಕಣೇ,” ಎಂದ. “ಬಿರುಕಲ್ಲಿ ಬಿದ್ದಿದ್ದು ತಳಕ್ಕೆ ಹೋಗತ್ತೆ. ಮೇಲೆ ಅಷ್ಟು ಹಿಮದ ಭಾರ. ನೆಲದ ಬಂಡೆಗೆ ಉಜ್ಜಿಸ್ಕೊಂಡೇ ಬರಬೇಕು. ಬಂಡೆನೂ ಸವೆಯತ್ತೆ, ಕಲ್ಲೂ ಸವೆಯತ್ತೆ. ಬರೋ ಹೊತ್ತಿಗೆ ಗೀರು ಬಿಟ್ರೆ ಏನೂ ಉಳಿದಿರಲ್ಲ. ಕೆಲವು ಹಿಟ್ಟೇ ಆಗ್ಬಿಡ್ತವೆ.”

ಅವಳು ಕಾಲಡಿಯ ಬೂದು ಕೆಸರನ್ನು ನೋಡಿದಳು. ಥಟ್ಟನೆ ಒಂದು ಹೆಜ್ಜೆ ಹಿಂದೆ ಸರಿದಳು.

“ನಿಮಗೆ ಮೊದ್ಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ಯಾಕ್ರೀ ಬರತ್ತೆ ಅಂದ್ರಿ?”

“ನೀನು ಎದ್ದು ಊಟ ಮಾಡ್ಲಿ ಅಂತ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಮಗಳು ಹೋದ ದಿನ ಒಡೆದಿದ್ದ ಅವಳ ಎದೆ ಮತ್ತೆ ಒಡೆಯಿತು, ಈ ಸಲ ಒಡೆದವನು ಅವನೇ. ಅವಳು ಮಂಡಿಯೂರಿ ಕೂತು ಅಂಗೈಯಗಲದ ಕಲ್ಲೊಂದನ್ನು ಎತ್ತಿ, ತಿರುಗಿಸಿ ನೋಡಿ, ಪಕ್ಕಕ್ಕಿಟ್ಟಳು. ಇನ್ನೊಂದನ್ನು ಎತ್ತಿಕೊಂಡಳು.

“ಏಳೇ, ಸಿಗಲ್ಲ ಅದು.”

“ನೀವು ಸುಮ್ನಿರಿ.”

ಆಮೇಲೆ ಅವನೂ ಕೆಸರಿನಲ್ಲಿ ಕುಕ್ಕರಿಸಿದ. ಬಣ್ಣ ಉಳಿಯುವುದಿಲ್ಲ ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರಿದ್ದರು? ಆದರೂ ಅವಳು ನೋಡಿ ಪಕ್ಕಕ್ಕಿಟ್ಟ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಅವನು ಮತ್ತೊಮ್ಮೆ ತಿರುಗಿಸಿ ನೋಡತೊಡಗಿದ.