ಕಂಬದ ಬುಡದ ಕೆಂಪು

ಗಾಂಧಿ ಬಜಾರಿನ ತನ್ನ ಲೈನಿಂಗ್ ಬಟ್ಟೆ ಅಂಗಡಿಯ ಕಂಬದಿಂದ ಶಿವನ ಪಟ ಇಳಿಸಿದ್ದು ಉಮಾಮಹೇಶ್ವರಿಯೇ. ಇಳಿಸಲು ಹೇಳಿದವರು ವಿಜಯೇಂದ್ರ ಮೇಷ್ಟ್ರು. ಮಗಳು ತನುಜಾಳಿಗೆ ಶಾಲೆಯಲ್ಲಿ ಚಿತ್ರ ಕಲಿಸಿದವರು; ನಿವೃತ್ತರಾದ ಮೇಲೆ ಪಕ್ಕದೂರು ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬಂದು, ಎದುರಿನ ಜಗಲಿಯಲ್ಲಿ ಕೂತು ಅವಳ ಅಂಗಡಿಯ ಚಿತ್ರ ಬರೆಯುತ್ತಿದ್ದರು.

“ಪಟ ಇದ್ರೆ ಕಣ್ಣು ಅಲ್ಲೇ ನಿಲ್ಲುತ್ತಮ್ಮ. ನಂಗೆ ಬರೀ ಆಕಾರ ಸಾಕು. ನಾಲ್ಕು ದಿನ ಅಷ್ಟೇ.”

ಪಟ ಅಲ್ಲಿದ್ದದ್ದು ಪೂಜೆಗಲ್ಲ, ಉಗುಳುವವರನ್ನು ತಡೆಯಲು ಎಂಬುದು ಬಜಾರಿಗೆಲ್ಲ ಗೊತ್ತು. ಆದರೂ ಮೇಷ್ಟ್ರ ಮಾತು ತೆಗೆದುಹಾಕಲು ಮನಸ್ಸಾಗದೆ ಅವಳು ಒಪ್ಪಿದಳು. ಮೊದಲ ಸಂಜೆಯೇ ಗುಟ್ಕಾದ ಒಂದು ಧಾರೆ ಬಿತ್ತು. ಮರುದಿನ ಹೊಸ್ತಿಲಿಗೆ ವಿಭೂತಿ ಎಳೆದು ಬಕೆಟ್ ಹಿಡಿದು ಬಂದರೆ ಮೇಷ್ಟ್ರು ಕೈ ಅಡ್ಡ ಹಿಡಿದರು.

“ತೊಳೀಬೇಡಿ. ಆ ಕೆಂಪು ಬಹಳ ಚೆನ್ನಾಗಿ ಕೂತಿದೆ.”

ನಾಲ್ಕನೇ ದಿನಕ್ಕೆ ಕೆಂಪು ಮೊಣಕಾಲೆತ್ತರ ಏರಿತ್ತು. ಹಳೆಯದು ಒಣಗಿ ಕಂದು, ಅದರ ಮೇಲೆ ಹೊಸದು ನೊರೆನೊರೆ, ನಡುವೆ ಅಂಟಿದ ಅಡಿಕೆ ಚೂರು, ನೊಣ. ಬ್ಲೌಸ್ ಪೀಸಿಗೆ ಬಂದ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಪಕ್ಕದಂಗಡಿಗೆ ಹೋದರು. ಮಧ್ಯಾಹ್ನ ಅವಳು ಊಟದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟಳು.

ಸಂಜೆ ಮೇಷ್ಟ್ರು ಕ್ಯಾನ್ವಾಸ್ ತಿರುಗಿಸಿ ತೋರಿಸಿದರು. ಬೋರ್ಡಿನ ಅಕ್ಷರ ಇರಲಿಲ್ಲ, ಬಾಗಿಲಿರಲಿಲ್ಲ, ಅವಳೂ ಇರಲಿಲ್ಲ. ಬಿಸಿಲಿಗೆ ಅರ್ಧ ಇಳಿಸಿದ್ದ ಶಟರ್ ಎಂಟು ಬೂದು ಪಟ್ಟಿಗಳಾಗಿತ್ತು. ಟಾರ್ಪಾಲು ಓರೆಯಾದ ಒಂದು ನೀಲಿ ತುಂಡು. ಕೆಳಗೆ ಎಡಕ್ಕೆ, ಕ್ಯಾನ್ವಾಸಿನ ಕಾಲುಭಾಗ, ಕೆಂಪು.

“ಅಂಗಡಿ ಎಲ್ಲಿ ಮೇಷ್ಟ್ರೇ?”

“ಅಂಗಡಿನೇ ಇದು. ಬೇಡದ್ದನ್ನೆಲ್ಲ ತೆಗೀತಾ ಬಂದೆ. ಈ ಕೆಂಪಿಲ್ದಿದ್ರೆ ಚಿತ್ರ ನಿಲ್ತಾನೇ ಇರ್ಲಿಲ್ಲ.”

“ನಾವು ಬೇಡದ್ದು, ಕಂಡೋರ ಎಂಜಲು ಬೇಕಾದ್ದು.”

“ಎಂಜಲು ಅಂತ ನೋಡ್ಬೇಡಿ. ಬಣ್ಣ ಅಂತ ನೋಡಿ.”

ಚಿತ್ರ ಕೆಟ್ಟದಾಗಿರಲಿಲ್ಲ. ಅದರಿಂದಲೇ ಅವಳಿಗೆ ಇನ್ನಷ್ಟು ಹೇಸಿಗೆಯಾಯಿತು. ಉಗುಳಿನ ಮೇಲೆ ಶಿವನನ್ನು ತೂಗುಹಾಕುವಂತಿಲ್ಲ. ಪಟವಿಲ್ಲದೆ ಉಗುಳುವವರು ನಿಲ್ಲುವುದಿಲ್ಲ. ಅವಳು ಬಕೆಟ್, ಫಿನಾಯಿಲ್, ತೆಂಗಿನ ನಾರು ತಂದು ಮೇಷ್ಟ್ರ ಕಾಲ ಬಳಿ ಇಟ್ಟಳು.

“ನಿಮ್ಮ ಕೆಲ್ಸ ಮುಗೀತಲ್ಲ. ಈಗ ಬಣ್ಣ ತೆಗೀರಿ.”

“ಉಜ್ಜಿ ಮೇಷ್ಟ್ರೇ, ಬ್ರಷ್ ಹಿಡಿದ ಕೈ ತಾನೆ,” ಎಂದು ಎದುರಂಗಡಿಯ ಹಿರಿಯಣ್ಣ ನಕ್ಕ.

ಮೇಷ್ಟ್ರು ಅಂಗಿಯ ತೋಳು ಮಡಚಿ ಕುಕ್ಕರುಗಾಲಲ್ಲಿ ಕೂತರು. ಮೊದಲ ಸಲ ಉಜ್ಜುತ್ತಲೇ ಒಣಗಿದ್ದು ಮೆತ್ತಗಾಗಿ ಬೆರಳ ಸಂದಿಗೆ ಇಳಿಯಿತು, ವಾಸನೆ ಎದ್ದಿತು. ಅವರು ಮುಖ ತಿರುಗಿಸಿ ಚರಂಡಿಗೆ ವಾಂತಿ ಮಾಡಿಕೊಂಡರು. ಉಮಾಮಹೇಶ್ವರಿ ಒಂದು ಚೊಂಬು ನೀರು ಕೊಟ್ಟು, ಅವರು ಬಾಯಿ ಮುಕ್ಕಳಿಸಿ ಮುಗಿಸುವವರೆಗೂ ಕಾದಳು.

“ಬುಡದಲ್ಲಿ ಇನ್ನೂ ಇದೆ,” ಎಂದಳು.